ಆರನೆಯ ಸ್ಯಾಂಡ್‌ವಿಚ್ ಹೇಗಿದೆ ಎಂದು ಕೇಳಿ

ಇವತ್ತು ಪರಿಚಯದವರೊಬ್ಬರ ಹೊಸ ಅಡುಗೆಮನೆಗೆ ಹೋಗಿದ್ದೆ. ಊಟದ ಹೊತ್ತು, ನೂಕುನುಗ್ಗಲು. ಹೊಚ್ಚ ಹೊಸ ಪಾನಿನಿ ಪ್ರೆಸ್ಸಿನ (ಎರಡು ಕಾದ ಹಂಚುಗಳ ನಡುವೆ ಸ್ಯಾಂಡ್‌ವಿಚ್ ಒತ್ತಿ ಬಿಸಿಮಾಡುವ ಯಂತ್ರ) ಮುಂದೆ ನಿಂತಿದ್ದ ಹುಡುಗಿ ಮೊದಲ ಸ್ಯಾಂಡ್‌ವಿಚ್ಚನ್ನು ನಾಲ್ಕು ನಿಮಿಷಕ್ಕೆ ಹದವಾಗಿ ತೆಗೆದಳು. ಎರಡನೆಯದಕ್ಕೆ ಐದು ನಿಮಿಷ ಹಿಡಿಯಿತು. ನಾಲ್ಕನೆಯದನ್ನು ಏಳು ನಿಮಿಷ ಒತ್ತಿಟ್ಟರೂ ಬ್ರೆಡ್ ಬಿಳಚಿಕೊಂಡೇ ಇತ್ತು, ಒಳಗಿನ ಚೀಸ್ ಅರ್ಧ ಮಾತ್ರ ಕರಗಿತ್ತು. ಅಷ್ಟರಲ್ಲಿ ಮಾಲೀಕರು ಬಂದು, ಕೈ ಚುರುಕಾಗಲಿ ಎಂದು ಅವಳನ್ನೇ ಗದರಿದರು. ನನಗೆ ತಡೆದುಕೊಳ್ಳಲಾಗಲಿಲ್ಲ. ತಪ್ಪು ಅವಳ ಕೈಯದಲ್ಲ. ಆ ಯಂತ್ರವನ್ನು ಆರಿಸಿದವರದು.

ಕಾದ ಹಂಚಿನ ಮುಂದೆ ನಾನು ವರ್ಷಗಟ್ಟಲೆ ನಿಂತಿದ್ದೇನೆ. ಹಾಗಾಗಿ ಪ್ರೆಸ್ ಕೊಳ್ಳುವವರು ನನ್ನನ್ನು ಕೇಳುತ್ತಾರೆ, ಮತ್ತು ಪ್ರತಿ ಸಲವೂ ಅದೇ ಪ್ರಶ್ನೆ: ಇದು ಎಷ್ಟು ಡಿಗ್ರಿವರೆಗೆ ಕಾಯುತ್ತದೆ? ಗುಂಡಿಯ ಮೇಲೆ 300 ಎಂದು ಬರೆದಿದ್ದರೆ ಸಮಾಧಾನ. ಆ 300ರಿಂದ ಏನು ಮಾಡುತ್ತೀರಿ? ಬ್ರೆಡ್ಡಿನ ಮೈ ಚೆನ್ನಾಗಿ ಕೆಂಪೇರತೊಡಗುವುದು ಸುಮಾರು 140 ಡಿಗ್ರಿಯ ನಂತರ. ನಮ್ಮ ಕೆಲಸವೆಲ್ಲ ಹೆಚ್ಚುಕಡಿಮೆ 180ರಿಂದ 220ರೊಳಗೆ ಮುಗಿಯುತ್ತದೆ. ಅದಕ್ಕಿಂತ ಮೇಲೆ ಹೋದರೆ ಹೊರಗೆ ಕರಕಲು, ಒಳಗೆ ತಣ್ಣಗೆ. ಕೇಳಬೇಕಾದ ಪ್ರಶ್ನೆ ಬೇರೆ: ತಣ್ಣನೆಯ ಸ್ಯಾಂಡ್‌ವಿಚ್ ಇಟ್ಟ ಮೇಲೆ ಹಂಚಿಗೆ ಕಾವು ಎಷ್ಟು ಬೇಗ ಮರಳುತ್ತದೆ?

ಫ್ರಿಜ್ಜಿನಿಂದ ಬಂದ ಸ್ಯಾಂಡ್‌ವಿಚ್ ಹಂಚಿನ ಶಾಖವನ್ನು ಎಷ್ಟು ಹೀರುತ್ತದೆ ಎಂಬ ಅಂದಾಜು ಬಹಳ ಮಂದಿಗಿಲ್ಲ. ಅದರಲ್ಲೂ ಟೊಮೆಟೊ, ಸಾಸ್ ಎಂದು ನೀರಿನಂಶ ಹೆಚ್ಚಿದ್ದರೆ ಕೇಳುವುದೇ ಬೇಡ. ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾಗುವ ಶಾಖದ ಐದು ಪಟ್ಟಿಗಿಂತ ಹೆಚ್ಚು ಶಾಖ ಅದನ್ನು ಆವಿಯಾಗಿಸಲು ಬೇಕು. ಪ್ರೆಸ್ಸಿನ ಅಂಚಿನಿಂದ ಹಬೆ ಏಳುತ್ತಿದೆ ಎಂದರೆ ನಿಮ್ಮ ಹಂಚಿನ ಕಾವೇ ಹಾಗೆ ಹೊರಟುಹೋಗುತ್ತಿದೆ. ತೆಳುವಾದ ಹಂಚಿನಲ್ಲಿ ಕೂಡಿಟ್ಟ ಶಾಖ ಮೊದಲ ಎರಡು ಸ್ಯಾಂಡ್‌ವಿಚ್ಚಿಗೇ ಖಾಲಿ.

ಇಲ್ಲಿ ಹಂಚು ಬೀಡು ಕಬ್ಬಿಣದ್ದೋ (ಕ್ಯಾಸ್ಟ್ ಐರನ್) ಅಲ್ಯೂಮಿನಿಯಮ್ಮಿನದೋ ಎಂಬ ವಾದ ಶುರುವಾಗುತ್ತದೆ. ಅಲ್ಯೂಮಿನಿಯಂ ಶಾಖವನ್ನು ಹಲವು ಪಟ್ಟು ವೇಗವಾಗಿ ಹರಡುತ್ತದೆ, ಬೇಗ ಕಾಯುತ್ತದೆ. ಅಷ್ಟೇ ಗಾತ್ರದ ಕಬ್ಬಿಣ ಅದಕ್ಕಿಂತ ಸುಮಾರು ಮೂರನೇ ಒಂದು ಭಾಗ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ನನ್ನ ಒಲವು ಬೀಡು ಕಬ್ಬಿಣದ ಕಡೆಗೇ. ಆದರೆ ದಪ್ಪನೆಯ ಅಲ್ಯೂಮಿನಿಯಂ ಹಂಚು ತೆಳ್ಳಗಿನ ಬೀಡು ಕಬ್ಬಿಣದ ಹಂಚಿಗಿಂತ ಮೇಲು ಎಂದು ಒಪ್ಪುತ್ತೇನೆ. ಲೋಹದ ಹೆಸರು ಕೇಳಿ ತೃಪ್ತರಾಗಬೇಡಿ, ಹಂಚಿನ ದಪ್ಪ ನೋಡಿ. ಆಮೇಲೆ ಅದರ ಹಿಂದಿರುವ ಹೀಟರ್ ನೋಡಿ. ಮೇಲಿನ ಹಂಚಿಗೆ ಬೇರೆ, ಕೆಳಗಿನದಕ್ಕೆ ಬೇರೆ ಇದೆಯೇ? ಒಟ್ಟು ವ್ಯಾಟ್ ಎಷ್ಟೆಂದು ಕೇಳಿ ಸುಮ್ಮನಾಗಬೇಡಿ, ಹಂಚಿನ ವಿಸ್ತೀರ್ಣದಿಂದ ಭಾಗಿಸಿ ನೋಡಿ. ದೊಡ್ಡ ಹಂಚಿಗೆ ಸಣ್ಣ ಹೀಟರ್ ಜೋಡಿಸಿದ ಯಂತ್ರಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ವಿದ್ಯುತ್ತಿನ ಮಾತು ಇನ್ನೊಂದಿದೆ. 230 ವೋಲ್ಟಿನ ಹೀಟರಿಗೆ 200 ವೋಲ್ಟ್ ಮಾತ್ರ ಸಿಕ್ಕರೆ ಅದರ ಶಕ್ತಿ ಮುಕ್ಕಾಲಿಗೆ ಇಳಿಯುತ್ತದೆ. 3.6 ಕಿಲೋವ್ಯಾಟಿನ ಜೋಡಿ ಪ್ರೆಸ್ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 16 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಪ್ರತ್ಯೇಕ ತಂತಿ ಎಳೆಸದೆ ಯಂತ್ರವನ್ನು ದೂರಿದರೆ ಅದು ಅನ್ಯಾಯ.

ಭಾರದ ಹಂಚು ಕಾಯಲು ಇಪ್ಪತ್ತು ನಿಮಿಷ ಬೇಕು, ಹಗುರವಾದದ್ದು ಐದೇ ನಿಮಿಷಕ್ಕೆ ಸಿದ್ಧ ಎಂದು ಆ ಮಾಲೀಕರೂ ಹೇಳಿದರು. ದಿನಕ್ಕೆ ನಾಲ್ಕು ಸ್ಯಾಂಡ್‌ವಿಚ್ ಹೋಗುವ ಕಡೆ ಆ ಮಾತು ಸರಿ. ಊಟದ ಹೊತ್ತಿಗೆ ಒಂದರ ಹಿಂದೊಂದು ಇಳಿಯಬೇಕಾದ ಅಡುಗೆಮನೆಯಲ್ಲಿ ಅದು ವಾದವೇ ಅಲ್ಲ. ಬೆಳಿಗ್ಗೆ ತರಕಾರಿ ಹೆಚ್ಚುವ ಮುಂಚೆ ಸ್ವಿಚ್ ಒತ್ತಿದರೆ ಆ ಇಪ್ಪತ್ತು ನಿಮಿಷ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಧ್ಯಾಹ್ನ ಪ್ರತಿ ಗಿರಾಕಿಗೂ ಕಳೆದುಕೊಳ್ಳುವ ಮೂರು ಮೂರು ನಿಮಿಷ ಎಲ್ಲರ ಕಣ್ಣಿಗೂ ಬೀಳುತ್ತದೆ, ಮತ್ತು ಬೈಗುಳ ಹಂಚಿನ ಮುಂದೆ ನಿಂತವರ ಪಾಲಿಗೆ.

ಇದನ್ನು ಇಷ್ಟು ಕೋಪದಿಂದ ಬರೆಯಲು ಒಂದು ಕಾರಣವಿದೆ. ಹಿಂದೊಮ್ಮೆ ನಾನೇ, ಮುಚ್ಚಳ ಎತ್ತಲು ಸಲೀಸಾಗಿದೆ ಎಂದು ಹಗುರವಾದ ಪ್ರೆಸ್ ಆರಿಸಿದ್ದೆ. ತಿಂಗಳುಗಟ್ಟಲೆ ಬ್ರೆಡ್ಡನ್ನು ದೂರಿದೆ. ಆಮೇಲೆ ಅದರ ಮುಂದೆ ನಿಲ್ಲುತ್ತಿದ್ದ ಸಹಾಯಕನನ್ನು ಎಲ್ಲರೆದುರು ಬೈದೆ. ಅವನು ಮರುಮಾತಾಡದೆ ಕೆಲಸ ಬಿಟ್ಟ. ಯಂತ್ರದ ದೋಷ ನನಗೆ ತಿಳಿದದ್ದು ಅವನ ಜಾಗದಲ್ಲಿ ನಾನೇ ಒಂದು ವಾರ ನಿಂತಾಗ. ಇವತ್ತು ಆ ಹುಡುಗಿ ತಲೆ ತಗ್ಗಿಸಿದಾಗ ಅವನ ಮುಖವೇ ಕಣ್ಣ ಮುಂದೆ ಬಂತು.

ಉಳಿದ ವಿಷಯಗಳು ಚಿಕ್ಕವು. ಗೀರು ಹಂಚು ಚೆಂದದ ಬರೆ ಮೂಡಿಸುತ್ತದೆ, ಆದರೆ ಏಣುಗಳಲ್ಲಷ್ಟೇ ಬ್ರೆಡ್ಡಿಗೆ ಚೆನ್ನಾಗಿ ತಾಗುತ್ತದೆ, ಉಜ್ಜಲೂ ಹೊತ್ತು ಬೇಕು. ಸಪಾಟು ಹಂಚು ಪೂರ್ತಿ ತಾಗುತ್ತದೆ. ಮುಚ್ಚಳದ ಕೀಲು ಬ್ರೆಡ್ಡಿನ ದಪ್ಪಕ್ಕೆ ತಕ್ಕಂತೆ ಏರಿ ಸಮನಾಗಿ ಕೂರಬೇಕು, ಇಲ್ಲದಿದ್ದರೆ ಹಿಂಭಾಗ ಜಜ್ಜಿಹೋಗುತ್ತದೆ, ಮುಂಭಾಗ ಹಸಿಯಾಗಿ ಉಳಿಯುತ್ತದೆ. ಕಾದ ಬೀಡು ಕಬ್ಬಿಣದ ಹಂಚಿನ ಮೇಲೆ ತಣ್ಣೀರು ಸುರಿಯಬೇಡಿ, ಸೀಳಬಹುದು.

ಕೊಳ್ಳುವ ಮುಂಚೆ ನಿಮ್ಮದೇ ಬ್ರೆಡ್, ನಿಮ್ಮದೇ ಹೂರಣ ಒಯ್ಯಿರಿ. ತಣ್ಣಗಿರುವ ಆರು ಸ್ಯಾಂಡ್‌ವಿಚ್ಚುಗಳನ್ನು ಬಿಡುವಿಲ್ಲದೆ ಒಂದರ ಹಿಂದೊಂದು ಒತ್ತಿಸಿ. ಮೊದಲನೆಯದನ್ನೂ ಆರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾರುವವರು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹೊರಡುವಾಗ ಆ ಹುಡುಗಿ ಮೆಲ್ಲಗೆ, "ಸದ್ಯಕ್ಕೆ ನಾನು ಏನು ಮಾಡಲಿ?" ಎಂದು ಕೇಳಿದಳು. ಟೊಮೆಟೊ ಹೋಳಿನ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆ, ಒಂದು ತೆಗೆದ ಮೇಲೆ ಮುಚ್ಚಳ ಹಾಕಿ ಎರಡು ನಿಮಿಷ ಬಿಡು, ಗಿರಾಕಿ ಕಾದರೆ ಕಾಯಲಿ ಎಂದೆ. ಮಾಲೀಕರಿಗೆ ನಾಳೆ ನೀವೇ ನಿಂತು ಆರು ಒತ್ತಬೇಕು ಎಂದಿದ್ದೇನೆ. ಮೂರು ಗಂಟೆಗೆ ಬನ್ನಿ ಎಂದಿದ್ದಾರೆ. ನಾನು ಗಡಿಯಾರ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ.