ದಪ್ಪ ಅಕ್ಷರದಲ್ಲಿ ಇರದ ಕ್ರಿಯಾಟಿನಿನ್

ಲ್ಯಾಬ್ ರಿಪೋರ್ಟ್ ವಾಟ್ಸಾಪ್‌ಗೆ ಬಂದ ಕೂಡಲೇ ನಾವೆಲ್ಲ ದಪ್ಪ ಅಕ್ಷರದಲ್ಲಿ, ಅಂದರೆ ನಾರ್ಮಲ್ ರೇಂಜಿನ ಹೊರಗೆ, ಏನೇನಿದೆ ಅಂತ ಹುಡುಕುತ್ತೇವೆ. ಫ್ಯಾಮಿಲಿ ಗ್ರೂಪಿಗೆ ಹಾಕುತ್ತೇವೆ. ಆಮೇಲೆ ಊರಲ್ಲಿರುವ ಅಪ್ಪನಿಗೋ ಅವ್ವನಿಗೋ ಫೋನ್ ಹಚ್ಚಿ ಬೈಯುತ್ತೇವೆ. ದಪ್ಪ ಇಲ್ಲದ ಸಾಲುಗಳನ್ನು ಯಾರೂ ಓದುವುದಿಲ್ಲ. ನನ್ನ ತಕರಾರು ಇದೇ.

ನಮ್ಮವ್ವನಿಗೆ 72. ಗುಳೇದಗುಡ್ಡದಲ್ಲಿ ಇರುತ್ತಾಳೆ. ಈ ಬೇಸಿಗೆಯಲ್ಲಿ ಬಾಗಲಕೋಟೆ ನವನಗರಕ್ಕೆ ಕರೆತಂದು ರಕ್ತ, ಮೂತ್ರ ಟೆಸ್ಟ್ ಮಾಡಿಸಿದೆವು. ಮೈಯೊಳಗೆ ಉರಿಯೂತ ಇದೆಯಾ ಅಂತ ಸುಳಿವು ಕೊಡುವ ರಕ್ತದ ಟೆಸ್ಟ್ ಇಎಸ್‌ಆರ್ 34, ದಪ್ಪ. ಮೂತ್ರದಲ್ಲಿ ಪಸ್ ಸೆಲ್, ಅಂದರೆ ಸೋಂಕಿದ್ದಾಗ ಹೆಚ್ಚುವ ಬಿಳಿ ರಕ್ತಕಣ, 6-8, ಅದೂ ದಪ್ಪ. ಅಕ್ಕ ಫೋನ್ ಮಾಡಿದಳು: "ಒಳಗ ಏನರ ಐತಿ ನೋಡೋ ತಮ್ಮಾ, ಸುಮ್ನ ಕೂಡಬ್ಯಾಡ."

ಇಎಸ್‌ಆರ್ ವಯಸ್ಸಿನ ಜೊತೆ ಏರುತ್ತದೆ. ಹೆಂಗಸರಿಗೆ ಡಾಕ್ಟರುಗಳ ಒಂದು ಅಂದಾಜು ಲೆಕ್ಕ ಇದೆ: ವಯಸ್ಸಿಗೆ 10 ಕೂಡಿಸಿ ಅರ್ಧ ಮಾಡಿ. ಅವ್ವನಿಗೆ 41 ಬರುತ್ತದೆ. ಹಾಗಾದರೆ 34ಕ್ಕೆ ಗಾಬರಿ ಯಾಕೆ? ರಿಪೋರ್ಟಿನಲ್ಲಿ ಮಾತ್ರ ಎಲ್ಲರಿಗೂ ಒಂದೇ 20ರ ಗೆರೆ.

ಪಸ್ ಸೆಲ್ ಕಥೆ ಇನ್ನೊಂದು. ಅದರ ಕೆಳಗೇ ಎಪಿಥೀಲಿಯಲ್ ಸೆಲ್ (ಚರ್ಮ, ಒಳಪದರದಿಂದ ಉದುರುವ ಕಣ) ತುಂಬಾ ಇವೆ ಅಂತ ಬರೆದಿತ್ತು. ಸ್ಯಾಂಪಲ್ ಸರಿಯಾಗಿ ಹಿಡಿದಿಲ್ಲದಿದ್ದರೆ ಹೀಗೆ ಆಗುತ್ತದೆ. ಮೊದಲ ಸ್ವಲ್ಪ ಮೂತ್ರ ಬಿಟ್ಟು ನಡುವಿನದನ್ನು ಹಿಡಿಯಬೇಕು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಡಬ್ಬಿ ಕೊಟ್ಟು ಬಾಗಿಲು ತೋರಿಸಿದ್ದರು. ಉರಿ ಇಲ್ಲ, ಜ್ವರ ಇಲ್ಲ. ಇಂಥ ವಯಸ್ಸಿನಲ್ಲಿ ಬರೀ ಪಸ್ ಸೆಲ್ ನೋಡಿ ಆ್ಯಂಟಿಬಯಾಟಿಕ್ ನುಂಗಿಸಬಾರದು. ಇನ್ನೊಂದು: ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ನೀರೂ ಬೇಡ ಅಂತ ಅಲ್ಲ. ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಹನಿ ನೀರು ಕುಡಿಯದೆ ಬಸ್ ಹತ್ತಿ ಬರುವವರು ಎಷ್ಟು ಜನ! ಅವರ ಮೂತ್ರ ಗಟ್ಟಿಯಾಗಿಯೇ ಇರುತ್ತದೆ, ರಕ್ತದಲ್ಲಿ ಯೂರಿಯಾ ಕೂಡ ಏರಬಹುದು.

ಇಷ್ಟೆಲ್ಲ ದಪ್ಪ ಅಕ್ಷರಗಳ ನಡುವೆ ತೆಳ್ಳಗೆ ಕೂತಿದ್ದು ಕ್ರಿಯಾಟಿನಿನ್ 1.1. ಲ್ಯಾಬ್ ರೇಂಜ್ 0.6ರಿಂದ 1.2, ಅಂದರೆ ನಾರ್ಮಲ್.

ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. ಅದನ್ನು ಸೋಸಿ ಹೊರಗೆ ಹಾಕುವುದು ಕಿಡ್ನಿ. 30 ವರ್ಷದ ಗಂಡಸಿಗೆ 1.1 ಬಂದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ವೇಗ, ಸುಮಾರು 92. ಅದೇ 1.1 ನಮ್ಮವ್ವನ ವಯಸ್ಸಿನ ಹೆಂಗಸಿಗೆ ಬಂದರೆ ಸುಮಾರು 53. ಮೂರು ತಿಂಗಳಿಗಿಂತ ಜಾಸ್ತಿ 60ರ ಕೆಳಗೇ ಉಳಿದರೆ ಅದನ್ನು ಕಿಡ್ನಿ ಕಾಯಿಲೆ ಅಂತ ಹಿಡಿಯುತ್ತಾರೆ. ಹೋದ ವರ್ಷದ ರಿಪೋರ್ಟ್ ಗೋದ್ರೆಜ್ ಕಪಾಟಿನಲ್ಲಿ ರೇಷನ್ ಕಾರ್ಡಿನ ಜೊತೆ ಇತ್ತು. ಅದರಲ್ಲಿ 0.9. ಅಂದರೆ ಆಗ 68ರ ಹತ್ತಿರ. ಎರಡೂ ನಾರ್ಮಲ್ ಕಾಗದ. ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಇಳಿದಿದ್ದು ಕಾಣುತ್ತದೆ.

ಡಾಕ್ಟರು ಎರಡನ್ನೂ ನೋಡಿ ಮೊದಲು ಕೇಳಿದ್ದು, "ನೋವಿನ ಗುಳಿಗಿ ತಗೋತೀರೇನಮ್ಮಾ?" ತಗೊಳ್ಳದೆ ಏನು! ಹರೆಯದಿಂದ ಕುಣಿ ಮಗ್ಗದಲ್ಲಿ ಕೂತು ಖಣ ನೇಯ್ದ ಮೊಳಕಾಲು ಅವು. ಮೆಡಿಕಲ್ ಶಾಪಿನವನು ಚೀಟಿ ಇಲ್ಲದೇ ಡೈಕ್ಲೋಫೆನಾಕ್ ಕೊಡುತ್ತಾನೆ. ಆ ಜಾತಿಯ ಗುಳಿಗೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ವಯಸ್ಸಾದವರಿಗೆ, ಅದರಲ್ಲೂ ಮೈಯಲ್ಲಿ ನೀರು ಕಡಿಮೆ ಇದ್ದಾಗ, ತೊಂದರೆ ಜಾಸ್ತಿ. ಅದನ್ನು ನಿಲ್ಲಿಸಿ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆಯಾ ಅಂತ ತೋರಿಸುವ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ ಮಾಡಿಸಿ, ಚೆನ್ನಾಗಿ ನೀರು ಕುಡಿದು ಮತ್ತೆ ಕ್ರಿಯಾಟಿನಿನ್ ನೋಡೋಣ ಅಂದರು. "ಮತ್ತ ಮೊಳಕಾಲಿಗೆ ಏನ್ರೀ?" ಅಂತ ಅವ್ವ ಅಲ್ಲೇ ಜಗಳಕ್ಕೆ ನಿಂತಳು. ಸದ್ಯ ಪ್ಯಾರಸಿಟಮಾಲ್ ಮತ್ತು ಬಿಸಿ ನೀರಿನ ಶಾಖ.

ಹಬ್ಬದ ಆಫರಿನಲ್ಲಿ ಬರುವ ಎಪ್ಪತ್ತು ಟೆಸ್ಟುಗಳ ಪ್ಯಾಕೇಜ್ ನನಗೆ ಇಷ್ಟವಿಲ್ಲ. ನಾರ್ಮಲ್ ರೇಂಜನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಜನ ಒಳಗೆ ಬರುವಂತೆ ಹಾಕಿರುತ್ತಾರೆ. ಉಳಿದ ಐವರು ಏನೂ ಆಗದೇ ಹೊರಗೆ. ಟೆಸ್ಟ್ ಹೆಚ್ಚಿದಷ್ಟೂ ಏನಾದರೊಂದು ದಪ್ಪ ಆಗಲೇಬೇಕು, ಅಲ್ವಾ? ಆ ದುಡ್ಡಿನಲ್ಲಿ ಒಂದು ಫೈಲ್ ತಂದು ಹಳೆಯ ರಿಪೋರ್ಟುಗಳನ್ನು ವರ್ಷವಾರು ಇಡಿ.

ಲ್ಯಾಬ್‌ನವರಿಗೂ ಒಂದು ಮಾತು. ವಯಸ್ಸು, ಗಂಡೋ ಹೆಣ್ಣೋ ಅಂತ ನೀವೇ ಬರೆದುಕೊಳ್ಳುತ್ತೀರಿ. ಕ್ರಿಯಾಟಿನಿನ್ ಪಕ್ಕದಲ್ಲಿ ಇಜಿಎಫ್‌ಆರ್ ಹಾಕಲು ಇನ್ನೊಂದು ಹನಿ ರಕ್ತ ಬೇಕಿಲ್ಲ, ಕಂಪ್ಯೂಟರಿನಲ್ಲಿ ಒಂದು ಲೆಕ್ಕ ಸಾಕು. ಎಷ್ಟೋ ಲ್ಯಾಬ್‌ಗಳು ಹಾಕುತ್ತವೆ, ನಮ್ಮದು ಹಾಕಿರಲಿಲ್ಲ. ನಿಮ್ಮ ಮನೆಯವರ ರಿಪೋರ್ಟಿನಲ್ಲೂ ಇಲ್ಲದಿದ್ದರೆ ಕೌಂಟರಿನಲ್ಲೇ ಕೇಳಿ.