‘ಆ ಕಾಲಕ್ಕೆ ಪರವಾಗಿಲ್ಲ’ ಅಂತೆ!

ನಿನ್ನೆ ರಾತ್ರಿ ಟಿವಿಯಲ್ಲಿ ‘ಲ್ಯಾಬಿರಿಂತ್’ ಅನ್ನೋ ಹಳೇ ಇಂಗ್ಲಿಷ್ ಸಿನಿಮಾ ಹಾಕಿದ್ದೆ. ಅಕ್ಕನ ಮಗ ಅರ್ಧ ಗಂಟೆ ನೋಡಿದ, ಮೊಬೈಲಿಗೆ ಕೈ ಹಾಕಿದ, ಆಮೇಲೆ ದೊಡ್ಡ ವಿಮರ್ಶಕನ ಥರ ಅಂದ, “ಆ ಕಾಲಕ್ಕೆ ಪರವಾಗಿಲ್ಲ ಮಾಮ.”

ಮೈ ಉರಿದುಹೋಯ್ತು. ಆ ಕಾಲಕ್ಕಂತೆ!

1986ರ ಸಿನಿಮಾ, ಒಪ್ಪಿದೆ. ಅಳೋ ತಮ್ಮನ್ನ ಪುಟ್ಟ ದೆವ್ವಗಳಂಥ ಗಾಬ್ಲಿನ್‌ಗಳು ಎತ್ಕೊಂಡು ಹೋಗ್ಲಿ ಅಂತ ಸಿಟ್ಟಲ್ಲಿ ಅಂದುಬಿಟ್ಟ ಹುಡುಗಿ ಸಾರಾ, 13 ಗಂಟೆಯೊಳಗೆ ಅವನನ್ನ ವಾಪಸ್ ತರಬೇಕು. ಕಥೆ ಇಷ್ಟೇ, ಅಲ್ಲಲ್ಲಿ ಸಡಿಲ ಕೂಡ. ಆದರೆ ಆ ಸಿಡುಕು ಮೋರೆ ಕುಳ್ಳ ಗೊಂಬೆ ಹಾಗಲ್‌ನ ನೋಡಿ. ವೇಷದೊಳಗೆ ನಡೆಯೋದು ಶಾರಿ ವೈಸರ್. ಮುಖದೊಳಗೆ 18 ಮೋಟಾರು. ಹುಬ್ಬು, ತುಟಿ, ಕಣ್ಣು ಆಡಿಸೋದು ಹೊರಗೆ ರಿಮೋಟ್ ಹಿಡಿದು ನಿಂತ ನಾಲ್ಕು ಜನ; ಅದರಲ್ಲಿ ನಿರ್ದೇಶಕ ಜಿಮ್ ಹೆನ್ಸನ್ ಮಗ ಬ್ರಯಾನ್ ಒಬ್ಬ, ದನಿಯೂ ಅವನದೇ. ಐದು ಜನ ಸೇರಿ ಒಬ್ಬನಿಗೆ ನಾಚಿಕೆ ಬರಿಸ್ತಾರೆ ಕಣ್ರೀ! ಮೋಸ ಮಾಡಿ ಸಿಕ್ಕಿಬಿದ್ದಾಗ ಹಾಗಲ್ ಮುಖ ತಿರುಗಿಸೋದು ನೋಡಿದ್ರೆ ಅದು ರಬ್ಬರು ಅನ್ನೋದೇ ಮರೆತುಹೋಗುತ್ತೆ.

ಇಡೀ ಚಿತ್ರದಲ್ಲಿ ನಿಜಕ್ಕೂ ‘ಆ ಕಾಲಕ್ಕೆ’ ಅನ್ನಿಸೋದು ಒಂದೇ, ಶುರುವಿನಲ್ಲಿ ಹಾರಿಬರೋ ಬಿಳಿ ಗೂಬೆ. ಅದು ಗೊಂಬೆಯಲ್ಲ ಸ್ವಾಮಿ, ಕಂಪ್ಯೂಟರಿನದು!

“ಚಿಕ್ಕಂದಿನಲ್ಲಿ ನೋಡಿರ್ತೀಯ, ಅದಕ್ಕೇ ಈ ವ್ಯಾಮೋಹ” ಅಂತ ಅಡುಗೆಮನೆಯಿಂದ ಅಕ್ಕ. ಎಲ್ಲಿಯ ಚಿಕ್ಕಂದು? ನಾನು ಮೊದಲು ನೋಡಿದ್ದೇ 38ಕ್ಕೆ, ಕೆಲಸ ಹೋಗಿ ಮನೇಲಿ ಕೂತಿದ್ದ ಆ ವರ್ಷ. ಗುಜರಿ ಮುದುಕಿ ಸಾರಾಗೆ ಅವಳದೇ ಹಳೇ ಆಟಿಕೆಗಳನ್ನ ಒಂದೊಂದಾಗಿ ತಂದು ಹೇರ್ತಾಳಲ್ಲ, ಅಲ್ಲಿ ಅತ್ತಿದ್ದೆ. ಯಾಕೆ ಅಂತ ಕೇಳಬೇಡಿ.

ಇನ್ನೊಂದು ವಿಷಯ. ಆ ಕಾಲಕ್ಕೆ ಈ ಸಿನಿಮಾ ‘ಪರವಾಗಿಲ್ಲ’ ಕೂಡ ಅನ್ನಿಸಿಕೊಳ್ಳಲಿಲ್ಲ! ಸುಮಾರು 2.5 ಕೋಟಿ ಡಾಲರ್ ಸುರಿದರು, ಅಮೆರಿಕದ ಥಿಯೇಟರುಗಳಲ್ಲಿ ಬಂದದ್ದು ಅದರ ಅರ್ಧದಷ್ಟು. ಜನ ಇದನ್ನ ತಬ್ಬಿಕೊಂಡಿದ್ದು ಆಮೇಲೆ, ವಿಡಿಯೋ ಕ್ಯಾಸೆಟ್‌ನಲ್ಲಿ. ಹೆನ್ಸನ್ 1990ರಲ್ಲೇ ತೀರಿಕೊಂಡ, ಪಾಪ.

ಇದನ್ನೆಲ್ಲ ಒದರಿ ಸುಮ್ಮನಾದೆ. ಪರದೆಯಲ್ಲಿ ಗಾಬ್ಲಿನ್ ರಾಜನಾಗಿರೋ ಗಾಯಕ ಡೇವಿಡ್ ಬೋವಿಯ ಕೈಮೇಲೆ ಗಾಜಿನ ಚೆಂಡುಗಳು ಹರಿದಾಡ್ತಿದ್ದವು. ಆ ಕೈ ಬೋವಿಯದಲ್ಲ, ಹಿಂದೆ ಅಡಗಿ ಕೂತ ಚೆಂಡಾಟದ ಕಲಾವಿದ ಮೈಕೇಲ್ ಮೋಶೆನ್‌ದು, ಅದೂ ಚೆಂಡು ಅವನ ಕಣ್ಣಿಗೆ ಕಾಣದೇ ಆಡಿಸಿದ್ದು ಅಂತಷ್ಟೇ ಹೇಳಿದೆ. ಹುಡುಗ ಮೊಬೈಲ್ ಪಕ್ಕಕ್ಕಿಟ್ಟು ರಿಮೋಟ್ ಕಿತ್ತುಕೊಂಡ. ಹಿಂದಕ್ಕೆ ಓಡಿಸಿದ, ನಿಲ್ಲಿಸಿದ, ಮತ್ತೆ ಓಡಿಸಿದ.

“ಅವನು ಎಲ್ಲಿ ಕೂತಿದಾನೆ ಮಾಮ?”

ಹೇಳಲಿಲ್ಲ. ಹುಡುಕಲಿ.