ಸತ್ತವರ ತಟ್ಟೆ ಇಣುಕಿ ನೋಡುವವರಿಗೆ

ಕೊರೊನಾ ಮುಗಿದು ಇಷ್ಟು ವರ್ಷ ಆಯಿತು. ಆದರೂ ಬೆಂಗಳೂರಿನ ಯಾವ ಮದುವೆ ಊಟಕ್ಕೆ ಹೋದರೂ ಪಕ್ಕದ ಎಲೆಯಿಂದ ಈ ಮಾತು ಬಂದೇ ಬರುತ್ತದೆ. "ಅವರಿಗೆ ಇಮ್ಯೂನಿಟಿನೇ ಇರಲಿಲ್ಲ ಬಿಡಿ. ಯಾವಾಗಲೂ ಹೋಟೆಲ್ ಊಟ. ನಮ್ಮನೇಲಿ ನೋಡಿ, ದಿನಾ ಮುದ್ದೆ, ಕಷಾಯ. ಏನೂ ಆಗಲಿಲ್ಲ."

ಕೇಳಿದರೆ ಮೈ ಉರಿಯುತ್ತದೆ. ಮುದ್ದೆ ಮೇಲೆ ನನಗೇನೂ ಸಿಟ್ಟಿಲ್ಲ, ಬಸ್ಸಾರು ಇದ್ದರೆ ಇನ್ನೊಂದು ಹಾಕಿಸಿಕೊಳ್ಳುವವನೇ ನಾನು. ಆದರೆ ಬದುಕಿ ಉಳಿದಿದ್ದು ತನ್ನ ಶಿಸ್ತಿನಿಂದ, ಸತ್ತವರು ಸತ್ತಿದ್ದು ಅವರ ತಪ್ಪಿನಿಂದ ಅಂತ ತೀರ್ಪು ಕೊಡುವುದಿದೆಯಲ್ಲ, ಅದನ್ನು ಸಹಿಸಲು ಆಗುವುದಿಲ್ಲ.

ಒಂದೇ ಮನೆ, ಒಂದೇ ಅಡುಗೆ. ಅಣ್ಣ ಐಸಿಯು ಸೇರಿದ, ತಮ್ಮನಿಗೆ ಬರೀ ನೆಗಡಿ. ಇಂಥ ಮನೆಗಳು ನಿಮಗೂ ಗೊತ್ತು. ವಯಸ್ಸು, ಶುಗರ್, ತೂಕ ಎಲ್ಲ ಲೆಕ್ಕಕ್ಕೆ ಬರುತ್ತವೆ, ನಿಜ. ಜೊತೆಗೆ ಜೀನ್ ಕೂಡ ಇದೆ. ಆರನೇ ಕ್ರೋಮೋಸೋಮ್‌ನಲ್ಲಿ ಎಚ್‌ಎಲ್‌ಎ ಅನ್ನುವ ಜೀನ್‌ಗಳ ಗುಂಪಿದೆ. ಜೀವಕೋಶದೊಳಗೆ ಹೊಕ್ಕ ವೈರಸ್ಸಿನ ಚೂರುಗಳನ್ನು ಹೊರಗೆ ಹಿಡಿದು, ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ತೋರಿಸುವುದು ಇವುಗಳ ಕೆಲಸ. ಯಾವ ಚೂರು ಕೈಗೆ ಸಿಗುತ್ತದೆ, ಯಾವುದು ಜಾರುತ್ತದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಡಹುಟ್ಟಿದವರಲ್ಲೂ ಇದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕಕ್ಕೆ ಒಂದು. ಮಗುವಿಗೆ ಎಚ್‌ಎಲ್‌ಎ ಹೊಂದುವ ಮೂಳೆಮಜ್ಜೆ ದಾನಿ ಹುಡುಕಿ ಅಲೆದವರನ್ನು ಕೇಳಿ, ಹೇಳುತ್ತಾರೆ.

2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಎಚ್‌ಎಲ್‌ಎ-ಬಿ 15:01 ಅನ್ನುವ ರೂಪ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೆ, ಸೋಂಕು ತಗುಲಿದರೂ ಯಾವ ಲಕ್ಷಣವೂ ಕಾಣದೆ ಇರುವ ಸಾಧ್ಯತೆ ಎಂಟು ಪಟ್ಟಿಗೂ ಜಾಸ್ತಿ. ಇಂಥವರಲ್ಲಿ ಹಳೆಯ ನೆಗಡಿ ವೈರಸ್‌ಗಳನ್ನು ನೆನಪಿಟ್ಟುಕೊಂಡ ಟಿ ಕೋಶಗಳು ಹೊಸದನ್ನೂ ಗುರುತಿಸಿಬಿಡುತ್ತಿದ್ದವು. ಅಂದರೆ ಅವರು ಮಾಡಿದ ಪುಣ್ಯ ಇಷ್ಟೇ: ಹಿಂದೆ ಯಾವತ್ತೋ ನೆಗಡಿ ಹಿಡಿಸಿಕೊಂಡಿದ್ದು!

ಇದಕ್ಕೆ ಉಲ್ಟಾ ಕೂಡ ಉಂಟು. 2020ರಲ್ಲಿ ನೆದರ್‌ಲ್ಯಾಂಡ್ಸ್‌ನ ಎರಡು ಮನೆಗಳಲ್ಲಿ ಇಬ್ಬಿಬ್ಬರು ಅಣ್ಣತಮ್ಮಂದಿರಿಗೆ ಕೊರೊನಾ ತೀವ್ರವಾಯಿತು. ಯಾರಿಗೂ 35 ದಾಟಿರಲಿಲ್ಲ, ಮೊದಲಿನಿಂದ ಯಾವ ಕಾಯಿಲೆಯೂ ಇರಲಿಲ್ಲ. ನಾಲ್ವರಲ್ಲಿ ಒಬ್ಬ ಉಳಿಯಲಿಲ್ಲ. ವೈರಸ್ ಬಂದಿದೆ ಅಂತ ಎಚ್ಚರಿಸುವ ಟಿಎಲ್ಆರ್7 ಜೀನ್ ಅವರಲ್ಲಿ ಕೆಟ್ಟಿತ್ತು. ಅದು ಎಕ್ಸ್ ಕ್ರೋಮೋಸೋಮ್‌ನಲ್ಲಿರುವುದರಿಂದ ಗಂಡಸರಿಗೆ ಇರುವುದು ಒಂದೇ ಪ್ರತಿ. ಅದು ಕೈಕೊಟ್ಟರೆ ಇನ್ನೊಂದಿಲ್ಲ. ಈ ಹುಡುಗರು ಏನು ತಿನ್ನಬೇಕಿತ್ತು, ಹೇಳಿ?

ಇನ್ನು "ನಾವು ಇಂಡಿಯನ್ಸ್ ಗಟ್ಟಿ" ಅನ್ನುವ ಜಂಬ. 2020ರಲ್ಲೇ ಹ್ಯೂಗೊ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ ಅನ್ನುವ ವಿಜ್ಞಾನಿಗಳು, ಮೂರನೇ ಕ್ರೋಮೋಸೋಮ್‌ನ ಒಂದು ತುಣುಕು ನಿಯಾಂಡರ್ತಾಲ್ ಅನ್ನುವ ಅಳಿದುಹೋದ ಪ್ರಾಚೀನ ಮಾನವರಿಂದ ಬಂದಿದ್ದು, ಅದು ಕೊರೊನಾ ತೀವ್ರವಾಗುವ ಅಪಾಯ ಹೆಚ್ಚಿಸುತ್ತದೆ ಅಂದರು. ಯುರೋಪಿನಲ್ಲಿ ಅದು ಇರುವುದು ಶೇ. 16 ಜನರಲ್ಲಿ, ದಕ್ಷಿಣ ಏಷ್ಯಾದಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ. ಜಂಬ ಅಲ್ಲಿಗೇ ಠುಸ್ ಅಲ್ವಾ? ತಡೆಯಿರಿ. ಮರುವರ್ಷ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯವರೂ ಸೇರಿ ಮಾಡಿದ ಅಧ್ಯಯನ, ಆ ತುಣುಕು ನಮ್ಮ ಕಡೆ ಅದೇ ರೀತಿ ಕೆಲಸ ಮಾಡುತ್ತಿರಲಿಕ್ಕಿಲ್ಲ ಅಂದಿತು. ಹಾಗಾಗಿ ಜಂಬವೂ ಬೇಡ, ಭಯವೂ ಬೇಡ. ಯುರೋಪಿನ ಲೆಕ್ಕ ತಂದು ಚಾಮರಾಜಪೇಟೆಗೆ ಅಂಟಿಸಲು ಆಗುವುದಿಲ್ಲ.

ನಮ್ಮ ಲೆಕ್ಕ ನಾವೇ ಮಾಡಬೇಕು. ಇಲ್ಲೇ ಐಐಎಸ್‌ಸಿಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಅನ್ನುವ ಯೋಜನೆ ನಡೆಯಿತು. 10,000 ಜನರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಒಳ್ಳೆಯ ಕೆಲಸ. ಆದರೆ ಅವರೆಲ್ಲ ಆರೋಗ್ಯವಂತರು. ಯಾರಿಗೆ ಕಾಯಿಲೆ ಯಾಕೆ ಜೋರಾಯಿತು ಅಂತ ತಿಳಿಯಲು ಆಸ್ಪತ್ರೆಯ ದಾಖಲೆಗಳೂ ಅದರ ಜೊತೆ ಸೇರಬೇಕು.

ಹಾಗಾದರೆ ಎಲ್ಲ ಹಣೆಬರಹವಾ ಅಂತ ಕೇಳುತ್ತೀರಿ. ಖಂಡಿತ ಅಲ್ಲ. ಜೀನ್ ಯಾವುದೇ ಇರಲಿ, ಲಸಿಕೆ ಅಪಾಯ ತಗ್ಗಿಸಿತು. ಹೊತ್ತಿಗೆ ಸರಿಯಾಗಿ ಸಿಕ್ಕ ಆಕ್ಸಿಜನ್ ಜೀವ ಉಳಿಸಿತು. 2021ರ ಮೇನಲ್ಲಿ ಬೆಡ್‌ಗಾಗಿ ರಾತ್ರಿಯಿಡೀ ಫೋನ್ ಮಾಡಿ, ಕೊನೆಗೆ ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟವರ ವಿಷಯಕ್ಕೆ ದಯವಿಟ್ಟು ಇಮ್ಯೂನಿಟಿಯನ್ನೂ ತರಬೇಡಿ, ಜೀನನ್ನೂ ತರಬೇಡಿ. ಅದಕ್ಕೆ ಉತ್ತರ ಕೊಡಬೇಕಾದವರು ಬೇರೆಯೇ ಇದ್ದಾರೆ.